ಲಿಹೇನ್ ಅಲ್ಲ, ಲಯನ್ಸ್!

ಟ್ರಾಕ್ಟರ್ ನಿಲ್ಲಲಿಲ್ಲ.

ಎದುರಿಗೆ ಬರುತ್ತಲೇ ಇತ್ತು. ಅದರ ಮುಂದೆ ಎರಡು ಕಬ್ಬಿಣದ ಕೊಂಬು... ಹುಲ್ಲಿನ ದೊಡ್ಡ ಉರುಳೆಗಳನ್ನು ಚುಚ್ಚಿ ಎತ್ತುತ್ತಾರಲ್ಲ, ಅವು. ಸರಿಯಾಗಿ ನನ್ನ ಎದೆಯ ಮಟ್ಟಕ್ಕೆ!

ಹಾರ್ನ್ ಒತ್ತಿದೆ. ಅವನು ಇನ್ನಷ್ಟು ವೇಗ ಕೊಟ್ಟ.

ಅದು ರಸ್ತೆಯೇ ಅಲ್ಲ. ಎರಡೂ ಕಡೆ ಮುಳ್ಳುಬೇಲಿ. ನಡುವೆ ಒಂದು ಕಾರು ಹಿಡಿಸುವಷ್ಟು ಜಾಗ. ತಿರುಗಿಸುವ ಮಾತೇ ಇಲ್ಲ. ರಿವರ್ಸ್ ಹಾಕಿ, ಕತ್ತು ಹೊರಳಿಸಿ, ಆಕ್ಸಿಲರೇಟರ್ ತುಳಿದೆ.

ಖಣ್!

ಒಂದು ಕೊಂಬು ಬಾನೆಟ್ಟಿಗೆ ತಾಗಿತು.

"ವಾಪಸ್ ಹೋಗು!" ಅವನು ಮೇಲಿನಿಂದ ಕಿರುಚಿದ. "ಇಲ್ಲಿ ಯಾರಿಗೂ ಯಾವ ತಂಗೀನೂ ಇಲ್ಲ!"

ಹಿಂದಿನ ಚಕ್ರ ಚರಂಡಿಗೆ ಇಳಿಯಿತು. ಕಾರು ವಾಲಿ ನಿಂತಿತು. ಕೊಂಬು ಗಾಜಿನಿಂದ ಒಂದು ಗೇಣು ದೂರ...

ಲಾಕ್‌ಡೌನಿನಲ್ಲಿ, ಐರ್ಲೆಂಡಿನ ಕಾರ್ಕ್ ಸೀಮೆಯ ಹೊಲಗಳ ನಡುವೆ, ಬೆಂಗಳೂರಿನ ಹೆಂಗಸಿಗೇನು ಕೆಲಸ ಅಂತ ಕೇಳುತ್ತೀರಿ. ಹೇಳುತ್ತೇನೆ. ಕೊಂಬು ಸದ್ಯಕ್ಕೆ ಅಲ್ಲೇ ಇರಲಿ.

ನನ್ನ ಹೆಸರು ವಂದನಾ. ಜಯನಗರದಲ್ಲಿ ಒಂದು ಡಿಟೆಕ್ಟಿವ್ ಏಜೆನ್ಸಿಯಲ್ಲಿದ್ದೆ. ಮದುವೆಗೆ ಮುಂಚೆ ಹುಡುಗನ ಹಿಂದೆ ಬೀಳುವ ಕೆಲಸ. ಕುಡಿಯುತ್ತಾನಾ? ಇಸ್ಪೀಟಾ? ಬೇರೆ ಮನೆ ಇದೆಯಾ? ಆಮೇಲೆ ನನ್ನ ಗಂಡ ಶ್ರೀಹರ್ಷನಿಗೆ ಲೀಕ್ಸ್‌ಲಿಪ್‌ನ ಚಿಪ್ ಫ್ಯಾಕ್ಟರಿಯಲ್ಲಿ ಕೆಲಸ ಸಿಕ್ಕಿತು. ಜೊತೆಗೆ ಬಂದೆ. ಇಲ್ಲಿ ಡಬ್ಲಿನ್ನಿನ ಒಬ್ಬ ವಕೀಲರಿಗೆ ಕೆಲಸ ಮಾಡುತ್ತೇನೆ. ಯಾರಾದರೂ ಒಂಟಿಯಾಗಿ ತೀರಿಕೊಂಡರೆ ಅವರ ರಕ್ತಸಂಬಂಧಿಗಳನ್ನು ಹುಡುಕಬೇಕು. ಜನನ, ವಿವಾಹ, ಮರಣ, ಜನಗಣತಿ, ಚರ್ಚಿನ ದಾಖಲೆ... ಎಲ್ಲ ಜಾಲಾಡಬೇಕು. ಅಲ್ಲಿ ಸಂಬಂಧ ಮುರಿಯುತ್ತಿದ್ದೆ. ಇಲ್ಲಿ ಕೂಡಿಸುತ್ತೇನೆ!

ಎರಡು ಸಾವಿರದ ಇಪ್ಪತ್ತೊಂದರ ಜನವರಿ. ಕೊರೊನಾ ಮೂರನೇ ಸಲ ಬಂದು ದೇಶದ ಕತ್ತು ಹಿಡಿದಿತ್ತು. ಮನೆಯಿಂದ ಐದು ಕಿಲೋಮೀಟರ್ ಆಚೆ ಹೋಗುವಂತಿಲ್ಲ. ಪಬ್ ಬಂದ್. ಚರ್ಚ್ ಬಂದ್.

ಆಗ ಜೆಸಿಂತಾ ಫೋನ್ ಮಾಡಿದಳು. ಶಿರ್ವದ ಹುಡುಗಿ. ಡಬ್ಲಿನ್ನಿನ ಟಾಲಾದ ಆಸ್ಪತ್ರೆಯಲ್ಲಿ ನರ್ಸ್. ಕನ್ನಡದವರ ಒಂದು ಯುಗಾದಿ ಊಟದಲ್ಲಿ ಸ್ನೇಹವಾದವಳು. ಯಾವತ್ತೂ ಜೋರಾಗಿ ಮಾತಾಡುವವಳು ಅವತ್ತು ಪಿಸುಗುಟ್ಟಿದಳು.

"ಒಂದು ಅಜ್ಜಿ ಉಂಟು ಮಾರಾಯ್ತಿ. ಆ್ಯಬಿ ಲಿಹೇನ್ ಅಂತ. ಕೋವಿಡ್. ಗಂಡ ಇಲ್ಲ, ಮಕ್ಕಳಿಲ್ಲ. ಸಣ್ಣದಿರುವಾಗ ಒಬ್ಬ ಅಣ್ಣ ಇದ್ದನಂತೆ. ಅವನನ್ನು ಹುಡುಕಿ ಕೊಡು ಅಂತ ನನ್ನ ಕೈಯೇ ಬಿಡುದಿಲ್ಲ."

"ಎಷ್ಟು ಟೈಮ್ ಇದೆ?"

"ಅದೊಂದು ಕೇಳ್ಬೇಡ."

ಆಮೇಲೆ ವಿಡಿಯೋ ಹಾಕಿದಳು. ಪ್ಲಾಸ್ಟಿಕ್ ಗೌನು, ಮುಖದ ಮೇಲೆ ಶೀಲ್ಡ್... ಜೆಸಿಂತಾಳ ಗುರುತೇ ಸಿಗಲಿಲ್ಲ. ಪಕ್ಕದಲ್ಲಿ ಆಕ್ಸಿಜನ್ ಮಾಸ್ಕಿನ ಹಿಂದೆ ಒಂದು ಪುಟ್ಟ ಮುಖ. ಬಿಳಿ ಕೂದಲು. ಕಣ್ಣು ಮಾತ್ರ ಚುರುಕು.

ಆ್ಯಬಿ ಒಂದೊಂದೇ ಮಾತು ಆಡಿದಳು. ನಡುನಡುವೆ ಉಸಿರಿಗೆ ಕಾದಳು.

ಕಾರ್ಕ್ ಕಡೆಯ ಯಾವುದೋ ಹಳ್ಳಿ. ಅಪ್ಪ ಟಿಮತಿ. ಅಮ್ಮ ಹ್ಯಾನಾ, ತವರಿನ ಹೆಸರು ಲೂಸಿ. ಅಮ್ಮ ಕ್ಷಯದಿಂದ ಸತ್ತಾಗ ಇವಳಿಗೆ ತಿಳಿವಳಿಕೆ ಬಂದಿತ್ತಷ್ಟೆ. ಸೋದರತ್ತೆ ಬಂದು ಡಬ್ಲಿನ್ನಿಗೆ ಕರೆದುಕೊಂಡು ಹೋದಳು. ಅಲ್ಲಿಗೆ ಮುಗಿಯಿತು. ಅತ್ತೆ ಮತ್ತೆಂದೂ ಆ ಊರಿನ ಹೆಸರೆತ್ತಲಿಲ್ಲ.

"ಅಣ್ಣ ಡೆನ್ನಿ ಗೇಟಿನ ಮೇಲೆ ಕೂತಿದ್ದ," ಅಂದಳು. "ನಾನು ಗಾಡಿಯಿಂದ ಕೈ ಬೀಸಿದೆ. ಅವನು ಬೀಸಲಿಲ್ಲ. ಯಾಕೆ ಅಂತ... ಕೇಳಬೇಕು."

ಅಷ್ಟೇ ಕೇಸು! ಆಸ್ತಿ ಇಲ್ಲ, ಪಾಸ್ತಿ ಇಲ್ಲ. ಒಂದು ಮಗು ಯಾಕೆ ಕೈ ಬೀಸಲಿಲ್ಲ?

ಹುಡುಕಲು ಕೂತೆ. ದಾಖಲೆ ಕಚೇರಿಗಳೆಲ್ಲ ಬೀಗ. ಆನ್‌ಲೈನಿನಲ್ಲಿ ಇರುವಷ್ಟೇ ಗತಿ. ಆ್ಯಬಿಯ ಜನನ ದಾಖಲೆ ಅಲ್ಲಿ ಸಿಗುವುದಿಲ್ಲ. ನೂರು ವರ್ಷ ತುಂಬದ ಜನನವನ್ನು ಅಲ್ಲಿ ಹಾಕುವುದಿಲ್ಲ. ಅಪ್ಪ ಅಮ್ಮನ ಮದುವೆ ಸಿಗಬೇಕು. ಟಿಮತಿ ಲಿಹೇನ್ ಅಂತ ಹೊಡೆದೆ. ಹ್ಯಾನಾಳ ಗಂಡನಾದ ಟಿಮತಿ ಲಿಹೇನ್ ಇಡೀ ಕಾರ್ಕಿನಲ್ಲಿ ಇಲ್ಲ!

ಮತ್ತೆ ಹೊಡೆದೆ. ಕಾಗುಣಿತ ಬದಲಿಸಿದೆ. ಇಲ್ಲ.

ಆಸ್ಪತ್ರೆಯಿಂದ ಮೆಸೇಜು: "ಇವತ್ತು ಊಟ ಮುಟ್ಲಿಲ್ಲ."

ಗಂಡನ ಹೆಸರು ಬಿಟ್ಟೆ. ಹೆಂಡತಿಯ ಹೆಸರು ಹಿಡಿದೆ. ಹ್ಯಾನಾ ಲೂಸಿ... ಸಿಕ್ಕಿತು! ಮ್ಯಾಕ್ರೂಮ್ ಊರಿನ ಹತ್ತಿರ ಮದುವೆ. ಆದರೆ ಗಂಡು ಟಿಮತಿ ಲಯನ್ಸ್. ಊರು ಗೋರ್ಟ್‌ನಕಿಲ.

ಶ್ರೀಹರ್ಷ ಹೆಗಲ ಮೇಲಿಂದ ಬಗ್ಗಿ ನೋಡಿದ.

"ಲಿಹೇನ್ ಎಲ್ಲಿ, ಲಯನ್ಸ್ ಎಲ್ಲಿ? ಇದು ಬೇರೆಯವರದ್ದು ಕಣೇ."

"ನಿಮ್ಮ ತಾತ ಪುಟ್ಟಯ್ಯ. ನಿಮ್ಮಪ್ಪನ ವಿಸಿಟಿಂಗ್ ಕಾರ್ಡಲ್ಲಿ ಪಿ.ವೈ. ಮೂರ್ತಿ. ಬೇರೆಯವರಾ?"

ಅವನು ಕಾಫಿ ಮಾಡಲು ಹೋದ.

ಸಾವಿರದ ಒಂಬೈನೂರ ಹನ್ನೊಂದರ ಜನಗಣತಿ ತೆಗೆದೆ. ಗೋರ್ಟ್‌ನಕಿಲ. ಪುಟ್ಟ ಟಿಮತಿ ಇದ್ದ. ಅವನ ಅಪ್ಪ ಮನೆಯವರ ವಿವರವನ್ನೆಲ್ಲ ಐರಿಶ್ ಭಾಷೆಯಲ್ಲಿ ತುಂಬಿದ್ದ. ಹೆಸರು ಓ ಲಿಯಾಹಾನ್! ಅದೇ ಮನೆ ಹತ್ತು ವರ್ಷ ಹಿಂದಿನ ಗಣತಿಯಲ್ಲಿ ಲಯನ್ಸ್. ಆ ಒಂದು ಐರಿಶ್ ಹೆಸರನ್ನು ಇಂಗ್ಲಿಷಿಗೆ ಎಳೆದವರು ಕೆಲವರು ಲಿಹೇನ್ ಆದರು, ಕೆಲವರು ಲಯನ್ಸ್ ಆದರು. ಡಬ್ಲಿನ್ನಿಗೆ ಹೋದ ಅತ್ತೆ ಲಿಹೇನ್. ಊರಲ್ಲಿ ಉಳಿದವರು ಲಯನ್ಸ್. ಒಂದೇ ಮನೆ, ಒಂದೇ ರಕ್ತ!

ಡೆನ್ನಿ ಲಯನ್ಸ್ ಬದುಕಿದ್ದಾನಾ? ಮರಣ ಪ್ರಕಟಣೆಗಳಲ್ಲಿ ಹೆಸರಿಲ್ಲ. ಮ್ಯಾಕ್ರೂಮಿನ ಗೊಬ್ಬರದ ಅಂಗಡಿಗೆ ಫೋನ್ ಹೊಡೆದೆ.

"ಡೆನ್ನಿನಾ? ಮೇಲೆ ಗುಡ್ಡದ ಕೆಳಗೆ ಇದ್ದಾರಲ್ಲ," ಅಂದಳು ಅಂಗಡಿಯವಳು. "ಮದುವೆ ಇಲ್ಲ, ಮಕ್ಕಳಿಲ್ಲ. ಜಮೀನು ಫಿನ್‌ಬಾರ್ ನೋಡ್ಕೊಳ್ತಾನೆ. ತಾಯಿ ಕಡೆ ದೂರದ ನೆಂಟ. ಕೋವಿಡ್ ಬಂದಾಗಿಂದ ಒಂದು ನರಪಿಳ್ಳೆನೂ ಒಳಗೆ ಬಿಡಲ್ಲ."

ಲ್ಯಾಂಡ್‌ಲೈನ್ ನಂಬರು ಕೊಟ್ಟಳು. ಹಚ್ಚಿದೆ. ಎತ್ತಿದ್ದು ಫಿನ್‌ಬಾರ್.

"ತಂಗಿನಾ?" ಅಂದ. "ಇಷ್ಟು ವರ್ಷ ಇಲ್ಲದ ತಂಗಿ?"

"ಆಕೆ ಸಾಯ್ತಿದ್ದಾರೆ. ಅಣ್ಣನ ಹತ್ರ ಎರಡು ಮಾತು..."

"ಗೊತ್ತು ನಿಮ್ಮಂಥವರು. ಜಾಗದ ವಾಸನೆ ಹಿಡ್ಕೊಂಡು ಬರ್ತೀರ!"

ಟಕ್! ಮತ್ತೆ ಹಚ್ಚಿದರೆ ರಿಂಗೇ ಆಗಲಿಲ್ಲ. ತಂತಿ ಕಿತ್ತಿದ್ದ.

ಅವನ ಭಯ ನನಗೆ ಅರ್ಥವಾಯಿತು. ಡೆನ್ನಿ ವಿಲ್ ಬರೆದಿರಲಿಕ್ಕಿಲ್ಲ. ವಿಲ್ ಇಲ್ಲದೆ ಸತ್ತರೆ ಕಾನೂನಿನ ಕಣ್ಣಿಗೆ ಮೊದಲು ಕಾಣುವುದು ಒಡಹುಟ್ಟಿದ ತಂಗಿ. ದೂರದ ನೆಂಟ ಎಷ್ಟೇ ಸೆಗಣಿ ಬಾಚಿದ್ದರೂ ಶೂನ್ಯ!

ಅಲ್ಲಿಯ ಪೊಲೀಸರಿಗೆ ಫೋನ್ ಮಾಡಿದೆ. "ಡೆನ್ನಿಗೇನು? ಹಿ ಈಸ್ ಗ್ರ್ಯಾಂಡ್, ಚೆನ್ನಾಗೇ ಇದಾರೆ," ಅಂದರು. ಪಾದ್ರಿಗೆ ಮಾಡಿದೆ. ಅವರೇ ಕ್ವಾರಂಟೈನಿನಲ್ಲಿ ಕೆಮ್ಮುತ್ತಿದ್ದರು. ಎಲ್ಲ ಬಾಗಿಲೂ ಮುಚ್ಚಿತು.

ಆಸ್ಪತ್ರೆಯಿಂದ ಮೆಸೇಜು: "ಆಕ್ಸಿಜನ್ ಜಾಸ್ತಿ ಮಾಡಿದ್ದಾರೆ. ಬೇಗ."

ಕಾರಿನ ಕೀ ಎತ್ತಿಕೊಂಡೆ.

"ಹುಚ್ಚಾ ನಿಂಗೆ?" ಶ್ರೀಹರ್ಷ ಬಾಗಿಲಿಗೆ ಅಡ್ಡ ನಿಂತ. "ಐದು ಕಿಲೋಮೀಟರ್! ಇದು ಐವತ್ತು ಪಟ್ಟು. ನಾಳೆ ವೀಸಾ ರಿನ್ಯೂವಲ್‌ನಲ್ಲಿ ಕೇಳಿದ್ರೆ?"

"ಹೇಮಚಂದ್ರ ಮಾವ ನೆನಪಿದಾರಾ?"

ಹೇಮಚಂದ್ರ ಮಾವ ನನ್ನನ್ನು ಎತ್ತಿ ಆಡಿಸಿದವರು. ಹೋದ ಜುಲೈಯಲ್ಲಿ ಹೋದರು. ವಿಮಾನ ಇರಲಿಲ್ಲ. ವಿಡಿಯೋದಲ್ಲಿ ನೋಡಿದೆ. ಚಿತೆಗೆ ಬೆಂಕಿ ಇಡುವ ಹೊತ್ತಿಗೆ ಚಿತ್ರ ನಿಂತುಹೋಯಿತು...

ಶ್ರೀಹರ್ಷ ಪಕ್ಕಕ್ಕೆ ಸರಿದ.

ಹೆದ್ದಾರಿಯಲ್ಲಿ ಪೊಲೀಸ್ ತಡೆದ. ಎಳೆ ಮುಖ, ಮಾಸ್ಕಿನ ಮೇಲೆ ನೀಲಿ ಕಣ್ಣು.

"ಎಲ್ಲಿಗೆ?"

"ಒಬ್ಬರ ಅಣ್ಣನ್ನ ಹುಡುಕೋಕೆ."

"ಅದು ಅಗತ್ಯ ಸೇವೆ ಅಲ್ಲ."

"ಆಕೆಗೆ ಅಗತ್ಯ!"

"ಸಾರಿ. ಯೂ-ಟರ್ನ್ ತಗೊಳ್ಳಿ."

ತಗೊಂಡೆ. ಮುಂದಿನ ಎಕ್ಸಿಟ್ಟಿನಲ್ಲಿ ಇಳಿದು ಹಳ್ಳಿ ದಾರಿ ಹಿಡಿದೆ. ಬೇಲಿಗಳ ನಡುವೆ ಸುತ್ತಿ ಸುತ್ತಿ, ದಾರಿ ತಪ್ಪಿ, ಗೋರ್ಟ್‌ನಕಿಲದ ಆ ಓಣಿಗೆ ಬಂದೆ. ಅಂಗಡಿಯವಳು ಬಾಯಿಬಿಟ್ಟಿದ್ದಳೋ ಏನೋ... ಫಿನ್‌ಬಾರ್ ಟ್ರಾಕ್ಟರ್ ಸ್ಟಾರ್ಟ್ ಮಾಡಿಕೊಂಡೇ ಕಾದಿದ್ದ.

ಈಗ ಆ ಕೊಂಬಿಗೆ ಬನ್ನಿ!

ಬಾಗಿಲು ತೆಗೆಯಲು ಹೋದೆ. ಬೇಲಿಗೆ ಸಿಕ್ಕಿಕೊಂಡಿತ್ತು. ಆ ಕಡೆಯ ಬಾಗಿಲಿಗೆ ಜಾರಿದೆ. ಒದ್ದೆ. ತೆರೆಯಿತು. ಮುಳ್ಳಿನ ನಡುವೆ ಒಂದು ಕಂಡಿ. ಮೊದಲು ತಲೆ, ಆಮೇಲೆ ಮೈ. ಜಾಕೆಟ್ಟು ಪರ್ರೆಂದು ಹರಿಯಿತು.

"ಏಯ್!" ಅವನು ಟ್ರಾಕ್ಟರಿನಿಂದ ಹಾರಿದ. "ಶೆಪ್! ಹಿಡಿಯೋ!"

ಶೆಪ್ ಅಂದರೆ ನಾಯಿ!

ಓಡಿದೆ. ಹೊಲವೆಲ್ಲ ಕೆಸರು. ಮೀನಖಂಡದವರೆಗೆ ಹೂತುಹೋಗುತ್ತಿತ್ತು. ಒಂದು ಶೂ ಅಲ್ಲೇ ಉಳಿಯಿತು. ಹಿಂದೆ ನಾಯಿಯ ಉಸಿರು. ಪ್ಯಾಂಟಿನ ಅಂಚು ಅದರ ಬಾಯಿಗೆ ಸಿಕ್ಕಿತು. ಜಾಡಿಸಿದೆ. ಗೇಟು ಹತ್ತಿ ಆಚೆಗೆ ಬಿದ್ದೆ.

ಅಂಗಳ. ಬಿಳಿ ಗೋಡೆಯ ಗಿಡ್ಡ ಮನೆ. ಕಿಟಕಿಯ ಹಿಂದೆ ಒಬ್ಬ ಮುದುಕ, ಟೀ ಕಪ್ಪು ಹಿಡಿದು ನನ್ನನ್ನೇ ನೋಡುತ್ತಿದ್ದ. ಕಣ್ಣು... ಅದೇ ಕಣ್ಣು!

ಮಾಸ್ಕ್ ಏರಿಸಿ, ಕಿಟಕಿಯಿಂದ ದೂರ ನಿಂತು, ಗಂಟಲು ಹರಿಯುವಂತೆ ಕೂಗಿದೆ.

"ಡೆನ್ನಿ ಲಯನ್ಸ್? ನಿಮ್ಮ ತಂಗಿ ಕಳಿಸಿದಾರೆ!"

"ಯಾರಮ್ಮ?"

"ಆ್ಯಬಿ!"

ಕಪ್ಪು ಕೈಯಿಂದ ಬೀಳಲಿಲ್ಲ. ಅವನು ಅದನ್ನು ಕಿಟಕಿಯ ಹಲಗೆಯ ಮೇಲೆ ಬಹಳ ನಿಧಾನವಾಗಿ ಇಟ್ಟ. ಕಿಟಕಿಯ ಒಂದು ಬಾಗಿಲು ತೆರೆದ.

"ಆ್ಯಬಿ ಸತ್ತು ಎಷ್ಟೋ ಕಾಲ ಆಯ್ತಮ್ಮ. ಡಬ್ಲಿನ್ನಿಗೆ ಹೋದ ವರ್ಷಾನೇ. ಅಪ್ಪ ಹೇಳಿದ್ದ."

"ಬದುಕಿದಾರೆ."

"ಪ್ರತಿ ನವೆಂಬರು ಸತ್ತವರ ಪ್ರಾರ್ಥನೇಲಿ ಅವಳ ಹೆಸರು ಓದಿಸ್ತೀನಿ. ಅಪ್ಪ, ಅಮ್ಮ, ಆ್ಯಬಿ. ಒಂದು ವರ್ಷಾನೂ ಬಿಟ್ಟಿಲ್ಲ..."

ಆ ಅಪ್ಪ ಯಾಕೆ ಹಾಗಂದನೋ! ಮಗ ದಿನಾ ಅತ್ತು ಕೇಳುತ್ತಿದ್ದನೇನೋ. ಒಂದು ಸುಳ್ಳಿನಲ್ಲಿ ಸುಮ್ಮನಾಗಿಸಿದ. ಇನ್ನು ಕೇಳೋಣವೆಂದರೆ ಅವನೂ ಮಣ್ಣಿನಲ್ಲಿದ್ದ.

"ಆಸ್ಪತ್ರೇಲಿದಾರೆ," ಅಂದೆ. "ಹೆಚ್ಚು ಹೊತ್ತಿಲ್ಲ. ಫೋನಲ್ಲಿ ಮಾತಾಡಿ."

ಫೋನ್ ತೆಗೆದೆ. ಸಿಗ್ನಲ್... ಸೊನ್ನೆ! ಗುಡ್ಡದ ಬುಡ. ಒಂದು ಕಡ್ಡಿಯೂ ಇಲ್ಲ.

"ಇಲ್ಲಿ ಬರಲ್ಲ," ಡೆನ್ನಿ ಅಂದ. "ಮೇಲೆ ಬಾವಿ ಹತ್ರ ಬರುತ್ತೆ."

ಮೇಲೆ ನೋಡಿದೆ. ಕಡಿದಾದ ಗುಡ್ಡ. ಅವನ ಕೈಯಲ್ಲಿ ಎರಡು ಊರುಗೋಲು.

ಅಷ್ಟರಲ್ಲಿ ಫಿನ್‌ಬಾರ್ ಬಂದ. ಏದುಸಿರು, ಕೆಂಪು ಮುಖ. ಕೈಯಲ್ಲಿ ಸಲಿಕೆ.

"ಡೆನ್ನಿ, ಕಿಟಕಿ ಹಾಕಿ! ಇವಳು ರೋಗ ತಂದಿರ್ತಾಳೆ! ಒಂದು ವರ್ಷ ನಿಮ್ಮನ್ನ ಗಾಜಿನ ಗೊಂಬೆ ಥರ ಕಾಪಾಡಿದೀನಿ!"

ಅದು ಸುಳ್ಳಲ್ಲ. ಕಿಟಕಿಯ ಕೆಳಗೆ ಸಾಮಾನಿನ ಚೀಲಗಳಿದ್ದವು. ಪ್ರತಿಯೊಂದನ್ನೂ ಒರೆಸಿ ಇಟ್ಟಿದ್ದ. ಒಬ್ಬ ಮನುಷ್ಯನಲ್ಲಿ ಪ್ರೀತಿ ಎಲ್ಲಿ ಮುಗಿದು ಜಮೀನು ಎಲ್ಲಿ ಶುರುವಾಗುತ್ತದೆ ಅಂತ ಪತ್ತೆ ಹಚ್ಚುವುದು ನನ್ನ ಕೈಲಾಗದ ಕೆಲಸ.

"ಫಿನ್‌ಬಾರ್," ಡೆನ್ನಿ ಅಂದ. ದನಿ ಏರಲಿಲ್ಲ. "ಟ್ರಾಕ್ಟರ್ ತಾ. ನನ್ನನ್ನ ಬಾವಿ ಹತ್ರ ಕರ್ಕೊಂಡು ಹೋಗು."

"ಈ ಚಳೀಲಾ? ಆಗಲ್ಲ!"

"ನಾಳೆ ವಕೀಲರಿಗೆ ಹೇಳು. ಜಾಗ ಎಲ್ಲ ನಿನ್ನ ಹೆಸರಿಗೆ ಬರೀತೀನಿ. ಮನೆ, ಗುಡ್ಡ, ದನ, ಎಲ್ಲಾ."

ಸಲಿಕೆ ಕೆಳಗಿಳಿಯಿತು.

"ಡೆನ್ನಿ, ನಾನು ಅದಕ್ಕಲ್ಲ..."

"ಅದಕ್ಕೋ ಇನ್ನೊಂದಕ್ಕೋ. ಟ್ರಾಕ್ಟರ್ ತಾ!"

ಒಂದು ಫೋನ್ ಕಾಲಿಗೆ ಒಂದು ಜಮೀನು! ಮುದುಕ ಕಣ್ಣು ಮಿಟುಕಿಸಲಿಲ್ಲ. ಫಿನ್‌ಬಾರ್ ಓಡಿದ.

ಕ್ಯಾಬಿನ್ನಿನಲ್ಲಿ ಅವರಿಬ್ಬರು. ಹಿಂದೆ ಕೆಸರಿನಲ್ಲಿ ಒಂದು ಶೂ ಹಾಕಿಕೊಂಡು ನಾನು. ಶೆಪ್ ನನ್ನ ಪಕ್ಕದಲ್ಲೇ ಬಂತು, ಹಳೇ ಸ್ನೇಹಿತನ ಹಾಗೆ.

ಬಾವಿಯ ಹತ್ತಿರ ಗಾಳಿ ಕಿವಿ ಕತ್ತರಿಸುತ್ತಿತ್ತು. ಫೋನ್ ಮೇಲೆತ್ತಿ ಹಿಡಿದೆ. ಒಂದು ಕಡ್ಡಿ! ಒತ್ತಿದೆ. ರಿಂಗು... ರಿಂಗು...

"ವಂದನಾ!" ಜೆಸಿಂತಾ. "ಸಿಕ್ಕಿದನಾ?"

"ಇಲ್ಲೇ ಇದಾರೆ. ಆಕೆ?"

"ಎಚ್ಚರ ಉಂಟು. ಮಾತಾಡ್ಲಿಕ್ಕೆ ಆಗುದಿಲ್ಲ. ಕೇಳ್ತಾಳೆ. ಕೊಡು, ಕೊಡು!"

ಚಿತ್ರ ಮೂಡಿತು. ಚೌಕ ಚೌಕವಾಗಿ ಒಡೆದ ಒಂದು ಮುಖ. ಡೆನ್ನಿ ಫೋನನ್ನು ಎರಡೂ ಕೈಯಲ್ಲಿ ಹಿಡಿದ. ಅವನ ಬಾಯಿ ಅಲುಗಾಡಿತು. ಶಬ್ದ ಬರಲಿಲ್ಲ.

"ಏನಾದ್ರೂ ಹೇಳಿ," ಅಂದೆ.

"ಆ್ಯಬಿ, ನಿನ್ನ ಮೊಣಕಾಲು ಹೇಗಿದೆ? ಗೋಡೆಯಿಂದ ಬಿದ್ದಿದ್ಯಲ್ಲ..."

ಆ ಕಡೆ ಏನೋ ಗುಸುಗುಸು. ಜೆಸಿಂತಾ ಇಂಗ್ಲಿಷಿನಲ್ಲಿ ಕೂಗಿದಳು. "ಬೆರಳಲ್ಲಿ ನಿಮ್ಮನ್ನೇ ತೋರಿಸ್ತಿದಾರೆ! ನೀವೇ ತಳ್ಳಿದ್ದಂತೆ!"

ಡೆನ್ನಿ ನಕ್ಕ. ಹಲ್ಲಿಲ್ಲದ ನಗು. ಫಿನ್‌ಬಾರ್ ಬೆನ್ನು ತಿರುಗಿಸಿ ಗುಡ್ಡ ನೋಡುತ್ತ ನಿಂತ.

"ಯಾಕೆ ಕೈ ಬೀಸಲಿಲ್ಲ ಅಂತ ಕೇಳ್ತಿದಾರೆ," ನಾನು ಮೆಲ್ಲಗೆ ಹೇಳಿದೆ. "ನೀವು ಗೇಟಿನ ಮೇಲೆ ಕೂತಿದ್ರಂತೆ."

ನಗು ನಿಂತಿತು. ಅವನು ಫೋನನ್ನು ಮುಖದ ಹತ್ತಿರ ತಂದ. ಮೂಗು ತಾಗುವಷ್ಟು.

"ಬೀಸಿದ್ರೆ... ನೀನು ಹೋಗೇಬಿಡ್ತೀಯ ಅನ್ಕೊಂಡೆ ಕಣೆ. ಬೀಸದಿದ್ರೆ ಗಾಡಿ ನಿಲ್ಲುತ್ತೆ ಅಂತ..."

ನಾನು ಪರದೆ ನೋಡಿದೆ.

ಆ್ಯಬಿಯ ಮುಖ ನಿಂತುಹೋಗಿತ್ತು. ಅರ್ಧ ಬೆರಳು ಮೇಲೆ. ಚಕ್ರ ತಿರುಗುತ್ತಿತ್ತು. ಕಾಲ್ ಹೋಗಿತ್ತು!

ಮತ್ತೆ ಒತ್ತಿದೆ. ಇಲ್ಲ. ಬಂಡೆ ಹತ್ತಿದೆ. ಇಲ್ಲ. ಫಿನ್‌ಬಾರ್ ತನ್ನ ಫೋನ್ ತೆಗೆದು ಟ್ರಾಕ್ಟರಿನ ನೆತ್ತಿಗೆ ಹತ್ತಿ ಕೈ ಚಾಚಿದ. ಅವನಿಗೂ ಇಲ್ಲ. ಕತ್ತಲಾಗುವ ತನಕ ಮೂವರೂ ಆ ಗುಡ್ಡದ ಮೇಲೆ ಫೋನ್ ಹಿಡಿದು ಅಲೆದೆವು. ಡೆನ್ನಿ ಮಾತ್ರ ಒಂದೇ ಕೇಳುತ್ತಿದ್ದ.

"ಕೇಳಿಸ್ತಾ ಅವಳಿಗೆ? ಕೇಳಿಸ್ತೇನಮ್ಮ?"

ಫಿನ್‌ಬಾರೇ ಕಾರನ್ನು ಚರಂಡಿಯಿಂದ ಎಳೆದುಕೊಟ್ಟ. ಆ ಹಾಳು ಕೊಂಬಿಗೆ ಸರಪಳಿ ಕಟ್ಟಿ! ದಾರಿಯಲ್ಲಿ ಸಿಗ್ನಲ್ ಬಂದ ಕೂಡಲೇ ಕಾರು ನಿಲ್ಲಿಸಿ ಜೆಸಿಂತಾಗೆ ಫೋನ್ ಮಾಡಿದೆ.

"ಎಲ್ಲಿ ಕಟ್ ಆಯ್ತು?"

"ತಳ್ಳಿದ್ದು ಅಂದ್ಮೇಲೆ ಎಂತ ಎಲ್ಲ ಗರಗರ ಅಂತು. ಗಾಳಿ. ಅವಳು ಕಣ್ಣು ತೆರೆದೇ ಇದ್ಲು ಮಾರಾಯ್ತಿ... ನಂಗೆ ಗೊತ್ತಾಗ್ಲಿಲ್ಲ."

"ನೀನೇ ಹೇಳು ಅವರಿಗೆ. ಈಗಲೇ! ಬೀಸಿದ್ರೆ ಹೋಗ್ತಾಳೆ ಅಂತ ಬೀಸ್ಲಿಲ್ಲ ಅನ್ನು. ಅಷ್ಟೇ."

ಆ ಕಡೆ ಯಾವುದೋ ಯಂತ್ರದ ಬೀಪ್ ಬೀಪ್.

"ಜೆಸಿಂತಾ?"

"ವೆಂಟಿಲೇಟರಿಗೆ ಹಾಕಿದ್ರು ವಂದನಾ. ಈಗಷ್ಟೇ. ನಿದ್ದೆ ಕೊಟ್ಟಿದ್ದಾರೆ." ಅವಳ ದನಿ ಒಡೆಯಿತು. "ಆದ್ರೂ ಹೇಳ್ತೇನೆ. ಕಿವಿಯಲ್ಲಿ ಹೇಳ್ತೇನೆ. ಆಯ್ತಾ?"

ಹೇಳಿದಳು. ದಿನಾ ಹೇಳಿದಳಂತೆ. ಶಿರ್ವದ ಹುಡುಗಿ, ಗೌನಿನೊಳಗೆ ಬೆವರುತ್ತ, ಎದ್ದೇಳದ ಅಜ್ಜಿಯ ಕಿವಿಯಲ್ಲಿ.

ಆ್ಯಬಿ ಕಣ್ಣು ತೆರೆಯಲಿಲ್ಲ. ಫೆಬ್ರವರಿಯ ಮೊದಲ ವಾರ ಹೋದಳು.

ಅಂತ್ಯಕ್ರಿಯೆಗೆ ಹತ್ತು ಜನ ಬರಬಹುದಿತ್ತು. ಹತ್ತು ಜನ ಸಿಗಲಿಲ್ಲ. ಪಕ್ಕದ ಮನೆಯವರು ಇಬ್ಬರು, ಪಾದ್ರಿ, ನಾನು. ಡೆನ್ನಿಗೆ ಜ್ವರ. ಕೋವಿಡ್ ಅಲ್ಲ, ಬರೀ ಗುಡ್ಡದ ಚಳಿ. ಆದರೂ ಡಾಕ್ಟರು ಹಾಸಿಗೆ ಬಿಟ್ಟು ಏಳಬೇಡ ಅಂದಿದ್ದರು. ಚರ್ಚಿನ ನೇರಪ್ರಸಾರದ ಕ್ಯಾಮೆರಾ ಖಾಲಿ ಬೆಂಚುಗಳನ್ನು ತೋರಿಸುತ್ತಿತ್ತು. ಗೋರ್ಟ್‌ನಕಿಲದ ಆ ಮನೆಗೆ ಅದೂ ತಲುಪುವುದಿಲ್ಲ ಅಂತ ಗೊತ್ತಿತ್ತು. ಆದರೂ ಒಂದು ಸಲ ಕ್ಯಾಮೆರಾ ಕಡೆ ತಿರುಗಿ ನೋಡಿದೆ.

ನನ್ನಿಂದ ಆದದ್ದು ಅಷ್ಟೇ! ಇಬ್ಬರನ್ನೂ ಹುಡುಕಿದೆ. ಇಬ್ಬರೂ ಸಿಕ್ಕಿದರು. ಒಬ್ಬರಿಗೊಬ್ಬರು ಸಿಕ್ಕರೋ ಇಲ್ಲವೋ, ಇವತ್ತಿಗೂ ಹೇಳಲಾರೆ.

ಮಾರ್ಚಿನಲ್ಲಿ ಒಂದು ಫೋನ್ ಬಂತು. ಕಾರ್ಕ್ ನಂಬರು.

"ಮೇಡಂ!" ಫಿನ್‌ಬಾರ್. ದನಿಯಲ್ಲಿ ಬೆಣ್ಣೆ. "ಹೇಗಿದೀರಿ? ಕಾರು ರಿಪೇರಿ ಆಯ್ತಾ?"

"ಏನು ವಿಷಯ?"

"ಆ್ಯಬಿ ಅಜ್ಜಿದು... ಟಾಲಾದಲ್ಲಿ ಸ್ವಂತ ಮನೆ ಇತ್ತಂತೆ. ವಿಲ್ ಬರೆದಿಲ್ವಂತೆ. ಹಾಗಾದ್ರೆ ಅದು ಡೆನ್ನಿಗೇ ಬರಬೇಕಲ್ವಾ? ಅವರಿಗೆ ಹುಷಾರಿಲ್ಲ. ಓಡಾಟ ಎಲ್ಲ ನಂದೇ. ಲಿಹೇನ್, ಲಯನ್ಸ್ ಎರಡೂ ಒಂದೇ ಮನೆ ಅಂತ ತೋರಿಸ್ಬೇಕಂತೆ. ನಿಮ್ಮಷ್ಟು ಚೆನ್ನಾಗಿ ಯಾರಿಗೆ ಗೊತ್ತು?"

ನಾನು ಫೋನನ್ನು ಕಿವಿಯಿಂದ ಸ್ವಲ್ಪ ದೂರ ಹಿಡಿದೆ.

"ರಕ್ತಸಂಬಂಧ ಅಲ್ವಾ ಮೇಡಂ," ಅಂದ. "ಹಾಗೆ ಬಿಡೋಕಾಗುತ್ತಾ?"

ಸಾಯುತ್ತಿರುವವರಿಗೆ ನೆಂಟರನ್ನು ಹುಡುಕುವುದು ಬಹಳ ಕಷ್ಟ. ಸತ್ತವರಿಗೆ ಸುಲಭ... ನೆಂಟರೇ ಫೋನ್ ಮಾಡುತ್ತಾರೆ!